ಆ ಮೂಲೆಯಲ್ಲಿ ಕುರಿ ಯಾಕೆ ಕೂರಲ್ಲ

ಕಳೆದ ವಾರ ಗದಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಏನು ಕೆಲಸ ಅಂತ ಕೇಳಿದರು. ಹಳೇ ಸೇತುವೆಗಳ ಬೀಮ್ ಚೆಕ್ ಮಾಡ್ತೀನಿ ಅಂದೆ. ತಕ್ಷಣ ಬಂತು ಪ್ರಶ್ನೆ: "ಹಂಗಾರ ನಮ್ಮೂರ ಬ್ರಿಜ್ ಯಾವಾಗ ಬೀಳ್ತೈತ್ರಿ?" ನನ್ನ ಹುಗ್ಗಿ ತಣ್ಣಗಾಗುವ ತನಕ ಅದೇ ಮಾತು.

ಜನ ಕೇಳೋದರಲ್ಲಿ ತಪ್ಪಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಡ್ರೈವರ್ ಬದುಕಿ ಬಂದದ್ದು ಅವನ ಪುಣ್ಯ. ಮರುವರ್ಷ ಜುಲೈ 9ಕ್ಕೆ ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಗಂಭೀರಾ ಸೇತುವೆ ಮುರಿಯಿತು, ಅಲ್ಲಿ ಜನ ಸತ್ತರು. ಎರಡಕ್ಕೂ ಸುಮಾರು 40 ವರ್ಷ ಆಗಿತ್ತು. ನಮ್ಮ ಕಡೆ ಹಳ್ಳಗಳ ಮೇಲಿನ ಎಷ್ಟೋ ಸೇತುವೆಗಳಿಗೆ 50ರ ಹತ್ತಿರ ಆಗಿದೆ, ಹಾಗಾಗಿ ಎಲ್ಲರೂ ವಯಸ್ಸಿನ ಲೆಕ್ಕ ಹಾಕುತ್ತಾರೆ. ವಯಸ್ಸು ಲೆಕ್ಕಕ್ಕೇ ಬರಲ್ಲ ಅಂತ ನಾನು ಹೇಳಲ್ಲ. ಆದರೆ ಒಂದೇ ಸೇತುವೆಯಲ್ಲಿ, ಒಂದೇ ವಾರ ಕಾಂಕ್ರೀಟ್ ಹಾಕಿದ ಎರಡು ಬೀಮ್‌ಗಳಲ್ಲಿ ಒಂದು ಗುಂಡುಕಲ್ಲಿನ ಹಾಗಿದ್ದು ಇನ್ನೊಂದು ಒಳಗೇ ಕೆಟ್ಟು ಹೋಗಿರುತ್ತದೆ. ಅದಕ್ಕೆ ಏನು ಹೇಳ್ತೀರಿ? ನಾನು ಇದನ್ನು ಸರಿಯಾಗಿ ಕಲಿತದ್ದು ಒಂದು ತಪ್ಪು ರಿಪೋರ್ಟ್ ಕೊಟ್ಟ ಮೇಲೆ. ಆ ಕಥೆ ಇವತ್ತು ಬರೆದುಬಿಡೋಣ ಅಂತ.

ಸೇತುವೆಯ ಹೆಸರು ಬೇಡ. ಹಾವೇರಿ ಜಿಲ್ಲೆಯಲ್ಲಿದೆ, ವರದಾ ಹೊಳೆಗೆ ಸೇರುವ ಒಂದು ಹಳ್ಳದ ಮೇಲೆ. 15 ಮೀಟರಿನ ಮೂರು ಅಂಕಣ, ಅಂದರೆ ಒಂದು ಆಸರೆಯಿಂದ ಇನ್ನೊಂದು ಆಸರೆಯ ತನಕದ ಭಾಗ. ಪ್ರತಿ ಅಂಕಣದಲ್ಲೂ ಸ್ಲ್ಯಾಬಿನ ಕೆಳಗೆ ಉದ್ದಕ್ಕೆ ಮೂರು ಬೀಮ್, ಒಟ್ಟು 9. ವಯಸ್ಸು 49. ಮೇಲೆ ಓಡಾಡುವುದು ಬ್ಯಾಡಗಿ ಮಾರ್ಕೆಟ್‌ಗೆ ಹೋಗುವ ಮೆಣಸಿನಕಾಯಿ ಲಾರಿ, ಗೋವಿನಜೋಳದ ಟ್ರ್ಯಾಕ್ಟರ್, ಖಡಿ ತುಂಬಿದ ಟಿಪ್ಪರ್. ಮೆಣಸಿನಕಾಯಿ ಲಾರಿ ನೋಡೋಕೆ ಗುಡ್ಡದ ಹಾಗಿರುತ್ತೆ, ಆದರೆ ಅದರಲ್ಲಿ ಗಾಳಿಯೇ ಜಾಸ್ತಿ. ಬೀಮ್‌ಗೆ ಕಷ್ಟ ಕೊಡೋದು ಆ ಗಿಡ್ಡನೆಯ ಟಿಪ್ಪರ್. 2018ರಲ್ಲಿ ಮೂರು ಆಕ್ಸಲ್ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿದರು. ಅದೂ ಕಾಗದದ ಮೇಲೆ. ಖಡಿ ಎಷ್ಟು ತುಂಬುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಆರು ವರ್ಷದ ಹಿಂದೆ ಮೊದಲ ಸಲ ಅಲ್ಲಿಗೆ ಹೋದಾಗ ನಾನು ಈ ಕೆಲಸಕ್ಕೆ ಹೊಸಬ. ಕೈಯಲ್ಲಿ ರಿಬೌಂಡ್ ಹ್ಯಾಮರ್ ಇತ್ತು. ಅದು ಸುತ್ತಿಗೆ ಅಲ್ಲ, ಸ್ಪ್ರಿಂಗ್ ಇರುವ ಒಂದು ಕೊಳವೆ. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ತೂಕ ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತು ಅನ್ನೋದರಿಂದ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಅಂದಾಜು. ಬೇಸಿಗೆ, ಹಳ್ಳದಲ್ಲಿ ನೀರಿರಲಿಲ್ಲ. ಅಂಕಣದ ನಡುವೆ ಏಣಿ ಇಟ್ಟು ಹತ್ತಿ ಟಕ್ ಟಕ್ ಅಂತ ಹೊಡೆದು ನಂಬರ್ ಬರೆದುಕೊಂಡೆ. ಚದರ ಮಿಲಿಮೀಟರಿಗೆ 30 ನ್ಯೂಟನ್ ಬಂತು. ಎಪ್ಪತ್ತರ ದಶಕದ ಸೇತುವೆಗೆ 30! ಖುಷಿಯಾಗಿ "ಬೀಮ್‌ಗಳು ಒಳ್ಳೆಯ ಸ್ಥಿತಿಯಲ್ಲಿವೆ" ಅಂತ ಬರೆದು ಸಹಿ ಹಾಕಿದೆ.

ಆ ಒಂದು ಸಾಲಿನಲ್ಲಿ ಎರಡು ತಪ್ಪಿದ್ದವು.

ಒಂದು, ಹಳೇ ಕಾಂಕ್ರೀಟಿನ ಮೈ ಸುಳ್ಳು ಹೇಳುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಾನುಗಟ್ಟಲೆ ಒಳಗೆ ಇಳಿದು ಮೇಲ್ಪದರವನ್ನು ಗಡುಸು ಮಾಡಿರುತ್ತದೆ. ಹ್ಯಾಮರ್ ಓದೋದು ಆ ಗಡುಸು ಚರ್ಮವನ್ನು. ಹೀಗಾದಾಗ ಅಂದಾಜು ತೀರಾ ಕೆಟ್ಟ ಸಂದರ್ಭದಲ್ಲಿ 50 ಶೇಕಡಾದಷ್ಟು ಜಾಸ್ತಿ ಬರಬಹುದು ಅಂತ ಆಗ ನಾವು ಬಳಸುತ್ತಿದ್ದ ಭಾರತೀಯ ಮಾನದಂಡ ಐಎಸ್ 13311ರ ಎರಡನೇ ಭಾಗದಲ್ಲೇ ಬರೆದಿತ್ತು. ಪುಸ್ತಕ ನನ್ನ ಮೇಜಿನ ಮೇಲಿತ್ತು. ಓದಿರಲಿಲ್ಲ, ಓದಿದ್ದೀನಿ ಅಂದುಕೊಂಡಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಗೇಡು. ನಾನು ಏಣಿ ಇಡಲು ಸುಲಭ ಇದ್ದ ಕಡೆ ಮಾತ್ರ ಹೊಡೆದಿದ್ದೆ. ಬೀಮ್‌ನ ತುದಿಗಳು, ಅಂದರೆ ಅವು ಕಂಬದ ಮೇಲೆ, ದಂಡೆಯ ಗೋಡೆಯ ಮೇಲೆ ಕೂರುವ ಜಾಗ, ಅಲ್ಲಿಗೆ ಹೋಗಲು ಜಾಲಿ ಮುಳ್ಳು ಸರಿಸಿ, ಇಳಿಜಾರು ಹತ್ತಿ, ಬಗ್ಗಿಕೊಂಡು ನುಸುಳಬೇಕಿತ್ತು. ಮಧ್ಯಾಹ್ನ ಆಗಿತ್ತು. ಹಸಿವಾಗಿತ್ತು. ದೂರದಿಂದ ನೋಡಿದೆ, ಬೆಳ್ಳಗೆ ಸುಣ್ಣ ಹೊಡೆದದ್ದು ಕಾಣಿಸಿತು, ಸರಿ ಇದೆ ಅಂದುಕೊಂಡೆ.

ಈ ವರ್ಷ ಬೇಸಿಗೆಯಲ್ಲಿ ಅದೇ ಸೇತುವೆಗೆ ಮತ್ತೆ ಕರೆ ಬಂತು. ಕೆಳಗಿನಿಂದ ಒಂದು ಕಾಂಕ್ರೀಟ್ ತುಂಡು ಬಿದ್ದಿತ್ತು, ಯಾರೋ ವಿಡಿಯೋ ಮಾಡಿ ಹಾಕಿದ್ದರು. ನಾನು ಮತ್ತು ಇಬ್ಬರು ಹುಡುಗರು ಹುಬ್ಬಳ್ಳಿಯಿಂದ ಬೆಳಿಗ್ಗೆ ಬೇಗ ಹೊರಟು ಹೋದೆವು. ಸೇತುವೆ ಕೆಳಗೆ ನೆರಳಿನಲ್ಲಿ ನೂರರಷ್ಟು ಕುರಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಾ ಕೂತ ಒಬ್ಬ ಹುಡುಗ. ಕುರಿ ಎಬ್ಬಿಸಬೇಕಲ್ಲ ಅಂತ ಅವನಿಗೆ ಸಿಟ್ಟು. ನಾನು ಏಣಿ ಎಲ್ಲಿ ಇಡೋಣ ಅಂತ ನೋಡುತ್ತಿದ್ದಾಗ ಒಂದು ಕಣ್ಣಿಗೆ ಬಿತ್ತು: ಕುರಿಗಳು ಎಲ್ಲಾ ಕಡೆ ಒತ್ತೊತ್ತಾಗಿ ಕೂತಿದ್ದರೂ ಹಾವೇರಿ ಕಡೆಯ ದಂಡೆಯ ಹತ್ತಿರ, ಹೊರಗಿನ ಬೀಮ್ ಕೆಳಗೆ, ಒಂದು ಮೂಲೆ ಖಾಲಿ.

"ತಮ್ಮಾ, ಅಲ್ಲಿ ಯಾಕೆ ಒಂದೂ ಕುರಿ ಕೂತಿಲ್ಲ?"

"ಆ ಮೂಲ್ಯಾಗ ಕುಂದ್ರಂಗಿಲ್ರಿ ಸರ್. ಮಳಿ ನಿಂತ್ರೂ ಎರಡ್ಮೂರು ದಿನ ಅಲ್ಲಿ ಹನಿ ಬೀಳ್ತಾವು. ಈಗ ರೂಢಿ ಆಗೇತಿ, ಬ್ಯಾಸಿಗ್ಯಾಗೂ ಹೋಗಂಗಿಲ್ಲ." ಅಷ್ಟು ಹೇಳಿ ಮತ್ತೆ ಮೊಬೈಲಿಗೆ.

ಜಾಲಿ ಕಡಿದು ಅಲ್ಲಿಗೇ ಮೊದಲು ಹೋದೆವು. ಈ ಸಲ ಕೈಯಲ್ಲಿ ಸಾದಾ ಸುತ್ತಿಗೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಹೆಣ್ಣುಮಕ್ಕಳು ಬೆರಳ ಗೆಣ್ಣಿನಿಂದ ಬಡಿದು ನೋಡ್ತಾರಲ್ಲ, ಅದೇ ವಿದ್ಯೆ. ಗಟ್ಟಿ ಕಾಂಕ್ರೀಟ್ ಠಣ್ ಅನ್ನುತ್ತದೆ, ಸುತ್ತಿಗೆ ಕೈಗೆ ವಾಪಸ್ ಬರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅಂತ ಮಂಕಾಗಿ ಕೇಳಿಸುತ್ತದೆ. ಅಂಕಣದ ನಡುವಿನಿಂದ ಬಡಿಯುತ್ತಾ ತುದಿಯ ಕಡೆ ಬಂದೆ. ಠಣ್, ಠಣ್, ಠಣ್. ತುದಿಯಿಂದ ಎರಡು ಮೀಟರ್ ಇರುವಾಗ ಡಬ್. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಲ್ಲಿಂದ ಮುಂದೆ ಎಲ್ಲಾ ಡಬ್ ಡಬ್.

ಉಳಿ ಹಾಕಿ ಮೆಲ್ಲಗೆ ಎಬ್ಬಿಸಿದರೆ ಮೊದಲು ಬಂದದ್ದು ಸುಣ್ಣ, ಅದರ ಹಿಂದೆ ಯಾವುದೋ ಕಾಲದಲ್ಲಿ ಯಾರೋ ಮೆತ್ತಿದ ಸಿಮೆಂಟ್ ಪ್ಲಾಸ್ಟರ್. ಬಿರುಕು ಕಾಣಬಾರದು ಅಂತ ಮೆತ್ತಿದ್ದು. ರೊಟ್ಟಿಯ ಹಾಗೆ ಅಗಲವಾಗಿ ಎದ್ದು ಬಂತು. ಅದರ ಹಿಂಬದಿ ಪೂರ್ತಿ ಕಂದು ಬಣ್ಣ, ರಾಡಿನ ಅಚ್ಚು ಅದರಲ್ಲಿ ಮೂಡಿತ್ತು. ಒಳಗಿನ ರಿಂಗ್‌ಗಳನ್ನು, ಅಂದರೆ ಉದ್ದನೆಯ ರಾಡುಗಳನ್ನು ಸುತ್ತಿ ಕಟ್ಟಿದ ಕಂಬಿಗಳನ್ನು, ವೈರ್ ಬ್ರಶ್‌ನಿಂದ ಉಜ್ಜಿದಾಗ ತುಕ್ಕು ಎಲೆ ಎಲೆಯಾಗಿ ಉದುರಿತು. ವರ್ನಿಯರ್ ಹಚ್ಚಿದೆ. ಹಾಕಿದ್ದು 10 ಮಿ.ಮೀ. ಕಂಬಿ, ಉಳಿದದ್ದು 7. ಬರೀ 3 ಮಿ.ಮೀ. ಹೋಗಿದೆ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಬಲ ಇರೋದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. ಅದು ವ್ಯಾಸದ ವರ್ಗದ ಲೆಕ್ಕ. 10ಕ್ಕೆ 100 ಪಾಲು ಅಂದರೆ 7ಕ್ಕೆ 49. ಅರ್ಧಕ್ಕಿಂತ ಜಾಸ್ತಿ ಕಬ್ಬಿಣ ಮಣ್ಣಾಗಿತ್ತು. ನಾನು ದೂರದಿಂದ ನೋಡಿ ಸರಿ ಇದೆ ಅಂದ ಜಾಗ ಇದೇ.

ತುಕ್ಕು ಹೇಗೆ ಶುರುವಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಹೊಸ ಕಾಂಕ್ರೀಟ್ ಒಳ್ಳೇ ಕ್ಷಾರ, ಪಿಎಚ್ 12.5ರಿಂದ 13. ಅಷ್ಟು ಕ್ಷಾರ ಇರುವ ತನಕ ರಾಡಿನ ಮೈಮೇಲೆ ತೆಳ್ಳನೆಯ ಒಂದು ಪೊರೆ ಇರುತ್ತದೆ, ತುಕ್ಕು ಹಿಡಿಯಲ್ಲ. ಕಾರ್ಬನ್ ಡೈಆಕ್ಸೈಡ್ ಒಳಗೆ ಇಳಿದ ಹಾಗೆ ಆ ಕ್ಷಾರ ಸಾಯುತ್ತದೆ, ಪಿಎಚ್ 9ಕ್ಕಿಂತ ಕೆಳಗೆ ಬರುತ್ತದೆ, ಪೊರೆ ಹೋಗುತ್ತದೆ. ಆಮೇಲೆ ನೀರು ಮತ್ತು ಆಕ್ಸಿಜನ್ ಸಿಕ್ಕರೆ ಸಾಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಡಬ್ಬಿ ತುಂಬ ಕಡಲೆ ಹಾಕಿ ನೀರು ಸುರಿದು ಮುಚ್ಚಳ ಬಿಗಿದರೆ ಏನಾಗುತ್ತೋ ಅದೇ ಇಲ್ಲೂ ಆಗುತ್ತದೆ. ಕಾಂಕ್ರೀಟ್ ಒಳಗಿನಿಂದ ಸೀಳುತ್ತದೆ.

ಈ ಕ್ಷಾರ ಎಲ್ಲಿಯವರೆಗೆ ಸತ್ತಿದೆ ಅಂತ ನೋಡೋಕೆ ಫಿನಾಲ್ಫ್ತಲೀನ್ ಚಿಮುಕಿಸುತ್ತೇವೆ. ಪಿಯುಸಿ ಲ್ಯಾಬ್‌ನಲ್ಲಿ ನೋಡಿದ್ದೀರಿ. ಆಗಷ್ಟೇ ಒಡೆದ ಮುಖ ಬೇಕು, ಧೂಳು ಊದಿ ತೆಗೆದಿರಬೇಕು. ಜೀವ ಇರುವ ಕಾಂಕ್ರೀಟ್ ಬೊಂಬಾಯಿ ಮಿಠಾಯಿ ಬಣ್ಣಕ್ಕೆ ತಿರುಗುತ್ತದೆ, ಸತ್ತದ್ದು ಬಣ್ಣವೇ ಇಲ್ಲದೆ ಹಾಗೇ ಇರುತ್ತದೆ. ನಮಗೆ ಮೇಲ್ಮೈಯಿಂದ 28 ಮಿ.ಮೀ. ತನಕ ಬಣ್ಣ ಬರಲಿಲ್ಲ. ಈ ಆಳ ವರ್ಷಗಳ ವರ್ಗಮೂಲದ ಪ್ರಕಾರ ಬೆಳೆಯುತ್ತದೆ ಅಂತ ನಮ್ಮ ಕೆಲಸದಲ್ಲಿ ಲೆಕ್ಕ. 49ರ ವರ್ಗಮೂಲ 7, ಹಾಗಾಗಿ 28 ಭಾಗಿಸು 7, ಅಂದರೆ 4. ಯಾವುದೇ ಆಳವನ್ನು ಈ 4ರಿಂದ ಭಾಗಿಸಿ ವರ್ಗ ಮಾಡಿದರೆ ಅಲ್ಲಿಗೆ ಮುಟ್ಟಲು ಬೇಕಾದ ವರ್ಷ ಸಿಗುತ್ತದೆ. ಈಗ ತಮಾಷೆ ನೋಡಿ. ರಾಡಿನ ಮೇಲೆ 40 ಮಿ.ಮೀ. ಕವರ್, ಅಂದರೆ ರಾಡನ್ನು ಮುಚ್ಚಿದ ಕಾಂಕ್ರೀಟ್, ಇದ್ದ ಕಡೆ ಇದು ರಾಡ್ ಮುಟ್ಟಲು 100 ವರ್ಷ ಬೇಕು. ಕವರ್ 25 ಇದ್ದ ಕಡೆ 39 ವರ್ಷಕ್ಕೇ ಮುಟ್ಟಿದೆ, ಅಂದರೆ ಹತ್ತು ವರ್ಷದ ಹಿಂದೆಯೇ. ಕವರ್ ಮೀಟರ್ ಇಟ್ಟು ನೋಡಿದರೆ ಒಂದೇ ಬೀಮ್‌ನಲ್ಲಿ 25ರಿಂದ 45ರ ತನಕ ಎಲ್ಲಾ ಸಿಕ್ಕವು. ಅವತ್ತು ಸೆಂಟ್ರಿಂಗ್ ಹಲಗೆ ಮತ್ತು ರಾಡಿನ ನಡುವೆ ಸಿಮೆಂಟ್ ಬಿಲ್ಲೆ ಇಡುವ ಬದಲು ಕೈಗೆ ಸಿಕ್ಕ ಖಡಿ ತುಂಡು ಇಟ್ಟಿರಬೇಕು.

ಇಲ್ಲೇ ನಾನು ಸಿಕ್ಕಿಹಾಕಿಕೊಂಡೆ. ನಡುಭಾಗದಲ್ಲೂ ಕೆಲವು ಕಡೆ ಕವರ್ 25 ಇತ್ತು, ಅಲ್ಲೂ ಕ್ಷಾರ ಸತ್ತಿತ್ತು. ಒಡೆದು ನೋಡಿದರೆ ರಾಡ್ ಮಾತ್ರ ಚೆನ್ನಾಗಿತ್ತು, ಸುಮ್ನೆ ಮೇಲೆ ಸ್ವಲ್ಪ ಕೆಂಪು. ಯಾಕೆ? ಒಣಗಿತ್ತು, ಅದಕ್ಕೆ. ನಮ್ಮ ಕಡೆ ವರ್ಷದಲ್ಲಿ ಬಹುಪಾಲು ಒಣ ಹವೆ. ಕಾರ್ಬನ್ ಡೈಆಕ್ಸೈಡ್ ಇಳಿಯಲು ಅದು ಅನುಕೂಲ, ತುಕ್ಕು ಹಿಡಿಯಲು ಅಲ್ಲ. ನೀರು ನಿಂತ ಕಡೆ ಮಾತ್ರ ಎರಡೂ ಕೂಡಿಬರುತ್ತವೆ.

ಇದನ್ನು ಪಕ್ಕಾ ಮಾಡಿಕೊಳ್ಳಲು ಹಾಫ್ ಸೆಲ್ ಹಾಕಿದೆವು, ಒಳಗೆ ತುಕ್ಕು ನಡೆಯುತ್ತಿದೆಯಾ ಅಂತ ವೋಲ್ಟೇಜ್ ನೋಡಿ ಅಂದಾಜು ಮಾಡುವ ಸಾಧನ. ಒಂದು ಕೊಳವೆಯಲ್ಲಿ ತಾಮ್ರದ ಕಡ್ಡಿ ಮತ್ತು ಮೈಲುತುತ್ತದ ನೀರು. ಹೌದು, ಎಲೆಬಳ್ಳಿ ತೋಟದವರು ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ಮೈಲುತುತ್ತ. ಮೀಟರಿನ ಒಂದು ವೈರ್ ರಾಡಿಗೆ, ಇನ್ನೊಂದು ಈ ಕೊಳವೆಗೆ. ಕಾಂಕ್ರೀಟ್ ಒದ್ದೆ ಮಾಡಿ ಅಲ್ಲಲ್ಲಿ ಮುಟ್ಟಿಸುತ್ತಾ ಹೋಗೋದು. ಮೈನಸ್ 200 ಮಿಲಿವೋಲ್ಟ್‌ಗಿಂತ ಕಡಿಮೆ ಋಣ ಇದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆ 90 ಶೇಕಡಾಕ್ಕಿಂತ ಹೆಚ್ಚು. ಮೈನಸ್ 350 ದಾಟಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆಯೂ ಅಷ್ಟೇ ಹೆಚ್ಚು. ನಡುವೆ ಬಂದರೆ ಏನೂ ಹೇಳೋಕಾಗಲ್ಲ. ನಮ್ಮ ಬೀಮ್‌ನ ನಡುವೆ ಮೈನಸ್ 160ರ ಆಸುಪಾಸು. ತುದಿಯಲ್ಲಿ ಮೈನಸ್ 410. ಸೀಮೆಸುಣ್ಣದ ಗೆರೆ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ನಂಬರ್ ಬದಲಾಯಿತು. ಲಕ್ಷಗಟ್ಟಲೆ ರೂಪಾಯಿಯ ಸಾಮಾನು ತಂದು ಕೊನೆಗೆ ಸುತ್ತಿಗೆ ಹೇಳಿದ್ದನ್ನೇ ಹೇಳಿಸಿಕೊಂಡೆವು, ಕುರಿಗಳಿಗಂತೂ ಮೊದಲೇ ಗೊತ್ತಿತ್ತು.

ಕೋರ್ ಕೂಡ ತೆಗೆದೆವು, ಅಂದರೆ ಗಟ್ಟಿತನ ನೇರವಾಗಿ ಪರೀಕ್ಷಿಸಲು ಬೀಮ್‌ನಿಂದಲೇ ಕೊರೆದು ತೆಗೆದ ಕಾಂಕ್ರೀಟ್ ಉರುಳೆ. ಮೂರರ ಸರಾಸರಿ 21. ನನ್ನ ಹಳೇ ರಿಪೋರ್ಟಿನ 30 ಅಲ್ಲಿಗೆ ಮುಗಿಯಿತು.

ನೀರು ಎಲ್ಲಿಂದ ಬರುತ್ತಿದೆ ಅಂತ ಮೇಲೆ ಹತ್ತಿದೆ. ರಸ್ತೆ ನೀರು ಕೆಳಗೆ ಇಳಿಯಲು ಅಂಚಿನಲ್ಲಿ ಪೈಪ್ ಇರಬೇಕು. ಇದ್ದವು, ಆದರೆ ಕಾಣಲಿಲ್ಲ, ಹುಡುಕಬೇಕಾಯಿತು. ಟಾರಿನ ಕೆಳಗೆ ಹೂತು ಹೋಗಿದ್ದವು. ಒಂದು ಕಡೆ ಕತ್ತರಿಸಿ ನೋಡಿದರೆ ಮೂಲ ಪದರದ ಮೇಲೆ 50 ಮಿ.ಮೀ.ನ ಮೂರು ಪದರ. ರಸ್ತೆಗೆ ಟಾರ್ ಹಾಕುವಾಗಲೆಲ್ಲ ಸೇತುವೆ ಮೇಲೂ ಎಳೆದುಕೊಂಡು ಹೋಗಿದ್ದಾರೆ, ಹಳೆಯದನ್ನು ಕೆರೆದು ತೆಗೆದೇ ಇಲ್ಲ. ಪೈಪ್ ಮುಚ್ಚಿತು. ನೀರು ಇಳಿಜಾರು ಹಿಡಿದು ದಂಡೆಯ ಕಡೆ ಬಂದು, ಸ್ಲ್ಯಾಬಿನ ಜಾಯಿಂಟ್‌ನ ಸೀಳಿನಲ್ಲಿ ಇಳಿದು, ನೇರ ಬೀಮ್‌ನ ತುದಿಯ ಮೇಲೆ. ಅಲ್ಲಿ ಬೇರಿಂಗ್ ಸುತ್ತ, ಅಂದರೆ ಬೀಮ್ ಕೂರುವ ದಿಂಬಿನ ಸುತ್ತ, ಒಂದು ಗೇಣು ಎರೆ ಮಣ್ಣು ಸೇರಿತ್ತು, ಅದರಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟಿತ್ತು. ಎರೆ ಮಣ್ಣಿನ ಬಗ್ಗೆ ನಮ್ಮವರಿಗೆ ಹೇಳಬೇಕಾ? ಒಮ್ಮೆ ನೀರು ಕುಡಿದರೆ ಬೇಗ ಬಿಡಲ್ಲ. ಬೀಮ್‌ಗೆ ಒದ್ದೆ ಗೋಣಿಚೀಲ ಸುತ್ತಿಟ್ಟ ಹಾಗೆ.

ಟಾರಿನ ತೂಕವನ್ನೂ ಲೆಕ್ಕ ಹಾಕಿ. ಅಗಲ 7.5 ಮೀಟರ್, ಉದ್ದ 15, ದಪ್ಪ 50 ಮಿ.ಮೀ. ಸುಮಾರು 5.6 ಘನ ಮೀಟರ್ ಆಯಿತು. ಘನ ಮೀಟರಿಗೆ 2.3 ಟನ್ ಹಿಡಿದರೆ ಒಂದು ಪದರಕ್ಕೆ ಹತ್ತಿರ ಹತ್ತಿರ 13 ಟನ್. ಮೂರು ಪದರಕ್ಕೆ 39. ತುಂಬಿದ ಟಿಪ್ಪರ್ ಒಂದು, ಅದರ ಮೇಲೆ ಇನ್ನೂ ಹತ್ತು ಟನ್, ಹಗಲು ರಾತ್ರಿ ಆ ಅಂಕಣದ ಮೇಲೆ ನಿಂತೇ ಇದೆ. ಬೀಮ್ ಪರೀಕ್ಷೆ ಅಂದರೆ ಎಲ್ಲರೂ ಕೆಳಗೆ ಹೋಗಿ ಕತ್ತೆತ್ತಿ ನೋಡುತ್ತಾರೆ. ಬೀಮ್‌ನ ರೋಗ ಮಾತ್ರ ಮೇಲಿನಿಂದ ಬಂದಿರುತ್ತದೆ. ನಾನು ಈಗ ಯಾವ ಸೇತುವೆಗೆ ಹೋದರೂ ಮೊದಲು ಮೇಲೆ ಅಡ್ಡಾಡಿ ಪೈಪ್ ಹುಡುಕುತ್ತೇನೆ.

ಬಿರುಕುಗಳ ವಿಷಯ. ಎಲ್ಲಾ ಬಿರುಕೂ ಒಂದೇ ಅಲ್ಲ. ಅಂಕಣದ ನಡುವೆ ತಳದಿಂದ ನೆಟ್ಟಗೆ ಮೇಲೇರುವ ಕೂದಲೆಳೆಯಂಥ ಬಿರುಕು ನೋಡಿ ಜನ ಗಾಬರಿಯಾಗುತ್ತಾರೆ. ಬೀಮ್ ಭಾರ ಹೊತ್ತಾಗ ಅಲ್ಲಿ ಅಷ್ಟು ಬಿರಿಯೋದು ಸಹಜ, 0.3 ಮಿ.ಮೀ. ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ರಾಡಿನ ಗುಂಟ ಉದ್ದಕ್ಕೆ ಹೋಗುವ ಬಿರುಕು ತುಕ್ಕಿನದು. ತುದಿಯ ಹತ್ತಿರ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಏಣಿ ಒರಗಿಸಿದ ಹಾಗೆ ಏರುವ ಬಿರುಕು ಇದೆಯಲ್ಲ, ಅದನ್ನು ಕಂಡರೆ ನನಗೆ ನಿದ್ದೆ ಬರಲ್ಲ. ಅದು ಶಿಯರ್ ಬಿರುಕು, ಕತ್ತರಿಯಂತೆ ತುಂಡರಿಸುವ ಬಲದ್ದು. ಬಾಗಿ ಸೋಲುವ ಬೀಮ್ ಜೋಲುತ್ತದೆ, ಬಿರಿಯುತ್ತದೆ, ದಿನಗಟ್ಟಲೆ ಹೇಳಿ ಹೇಳಿ ಬೀಳುತ್ತದೆ. ಶಿಯರ್‌ನಲ್ಲಿ ಸೋಲುವ ಬೀಮ್ ಹೇಳಲ್ಲ. ಆ ಓರೆ ಬಿರುಕನ್ನು ಹೊಲಿದು ಹಿಡಿಯೋದು ಯಾವುದು? ಅದೇ ರಿಂಗ್‌ಗಳು. ಅವು ಎಲ್ಲಕ್ಕಿಂತ ಹೊರಗಿರುತ್ತವೆ, ಕವರ್ ಕಡಿಮೆ, ಮೇಲಾಗಿ ತೆಳ್ಳಗೆ. ಹಾಗಾಗಿ ತುಕ್ಕಿಗೆ ಮೊದಲ ತುತ್ತು ಅವೇ. ಪ್ಲಾಸ್ಟರ್ ಪೂರ್ತಿ ತೆಗೆದ ಮೇಲೆ ನಮಗೆ ಅಲ್ಲಿ ಒಂದು ಓರೆ ಬಿರುಕು ಸಿಕ್ಕಿತು. ಬಿರುಕಿನ ಅಗಲ ಅಳೆಯುವ ಗೆರೆಗಳ ಕಾರ್ಡ್ ಇಟ್ಟು ಅಳೆದರೆ 0.4 ಮಿ.ಮೀ. ಟಿಪ್ಪರ್ ಹೋದಾಗ ಬೆರಳಿಟ್ಟರೆ ಅದು ಉಸಿರಾಡೋದು ಗೊತ್ತಾಗುತ್ತಿತ್ತು. ಜೊತೆಯ ಹುಡುಗ ಕೈ ಎಳೆದುಕೊಂಡ.

ಲೋಡ್ ಟೆಸ್ಟ್ ಮಾಡಿಬಿಡಿ ಅಂದರು ಕಚೇರಿಯವರು. ತೂಕ ಹೇರಿ, 24 ಗಂಟೆ ಬಿಟ್ಟು, ಇಳಿಸಿ, ಬಾಗಿದ್ದರಲ್ಲಿ 75 ಶೇಕಡಾ ವಾಪಸ್ ಬಂತಾ ನೋಡುವ ಪರೀಕ್ಷೆ. ನಾನು ಒಪ್ಪಲಿಲ್ಲ. ಅದು ಬೀಮ್ ಬಾಗುವ ಬಗ್ಗೆ ಹೇಳುತ್ತದೆ, ನಮ್ಮ ಅನುಮಾನ ಇರೋದು ಶಿಯರ್ ಬಗ್ಗೆ. ರಿಂಗ್ ಅರ್ಧ ಸವೆದ ಬೀಮ್ ಮೇಲೆ ತೂಕ ಹೇರಿ ಕೆಳಗೆ ಎಷ್ಟು ಬಾಗಿತು ಅಂತ ತೋರಿಸುವ ಡಯಲ್ ಗೇಜ್ ಓದೋಕೆ ಯಾರನ್ನು ನಿಲ್ಲಿಸಲಿ?

ರಿಪೋರ್ಟಿನಲ್ಲಿ ಹೀಗೆ ಬರೆದೆ: ಕೂಡಲೇ ಭಾರೀ ಗಾಡಿ ಬಂದ್, ಆ ತುದಿಗೆ ಕಬ್ಬಿಣದ ಪ್ರಾಪ್ (ಊರೆಗಂಬ), ಮೂರು ಪದರ ಟಾರ್ ಕೆರೆದು ತೆಗೆಯುವುದು, ಪೈಪ್ ಬಿಡಿಸಿ ಬೀಮ್‌ಗಿಂತ ಕೆಳಗಿನ ತನಕ ಉದ್ದ ಮಾಡುವುದು, ಜಾಯಿಂಟ್ ಹೊಸದು. ಇಷ್ಟಾದ ಮೇಲೆ ಬೀಮ್ ರಿಪೇರಿ: ರಾಡಿನ ಹಿಂದೆಯೂ ಬೆರಳು ತೂರುವಷ್ಟು ಕಾಂಕ್ರೀಟ್ ತೆಗೆದು, ತುಕ್ಕು ಉಜ್ಜಿ, ಹೊಸ ರಿಂಗ್ ಕಟ್ಟಿ, ಮೈಕ್ರೋ ಕಾಂಕ್ರೀಟ್ ಜಾಕೆಟ್, ಅಂದರೆ ಸಣ್ಣ ಖಡಿಯ ಕಾಂಕ್ರೀಟಿನ ಹೊಸ ಹೊದಿಕೆ. ಮತ್ತೆ ಪ್ಲಾಸ್ಟರ್ ಮೆತ್ತಬೇಡಿ ಅಂತ ದಪ್ಪ ಅಕ್ಷರದಲ್ಲಿ. ಆರು ವರ್ಷದ ಹಿಂದಿನ ರಿಪೋರ್ಟಿನ ನಂಬರ್‌ಗಳನ್ನು ಬಳಸಬಾರದು ಅಂತಲೂ ಒಂದು ಸಾಲು ಸೇರಿಸಿದೆ. ಅದರ ಕೆಳಗಿನ ಸಹಿಯೂ ನನ್ನದೇ ಅಂತ ಗಮನಿಸಿದವರು ಒಬ್ಬರೇ. ಅವರು ನಕ್ಕರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೀಮ್ ರಿಪೇರಿ ಕೇಳಿದರೆ ಅರ್ಧ ಪುಟ ಪೈಪ್ ಬಗ್ಗೆ ಬರೆದಿದ್ದೀರಲ್ಲ" ಅಂತ ಇನ್ನೊಬ್ಬರು ಕೇಳಿದರು. ಸೋರುವ ಮಾಳಿಗೆ ಹಾಗೇ ಬಿಟ್ಟು ಒಳಗೋಡೆಗೆ ಬಣ್ಣ ಹೊಡೆಸ್ತೀರಾ ಸರ್ ಅಂತ ಕೇಳಿದೆ. ಅದು ಅವರಿಗೆ ಅರ್ಥವಾಯಿತು, ಅವರ ಮನೆ ಮಾಳಿಗೆಯೂ ಸೋರುತ್ತಂತೆ.

ಮೊನ್ನೆ ಮಳೆ ಬಿದ್ದ ಮರುದಿನ ಬೈಕ್ ತೆಗೆದುಕೊಂಡು ಹೋಗಿದ್ದೆ. ಪ್ರಾಪ್ ನಿಂತಿವೆ, ಟಾರ್ ಕೆರೆದಿದ್ದಾರೆ, ಪೈಪ್ ಆಗಿದೆ. ಜಾಕೆಟ್ ಕೆಲಸ ಹಳ್ಳದ ನೀರು ಇಳಿದ ಮೇಲೆ. ನೀರು ಬೀಮ್‌ನಿಂದ ಒಂದಡಿ ಆಚೆ ಬೀಳುತ್ತಿತ್ತು. ಒಂದು ಪೈಪಿನ ಬಾಯಿಗೆ ಗುಟ್ಕಾ ಪ್ಯಾಕೆಟ್ ಮತ್ತು ಕವಳೆ ಕಡ್ಡಿ ಸಿಕ್ಕಿಕೊಂಡಿತ್ತು, ಕಡ್ಡಿಯಿಂದಲೇ ಎಳೆದು ತೆಗೆದೆ. ಕೆಳಗೆ ಇಳಿದೆ. ಕುರಿ ಹುಡುಗ ಇರಲಿಲ್ಲ. ಆ ಮೂಲೆಯಲ್ಲಿ, ಪ್ರಾಪ್ ಕಾಲುಗಳ ನಡುವೆ, ನೆಲ ಒಣಗಿತ್ತು. ಅಲ್ಲಿ ಕುರಿ ಹಿಕ್ಕೆ ಬಿದ್ದಿತ್ತು. ಫೋಟೋ ತೆಗೆದುಕೊಂಡೆ. ರಿಪೋರ್ಟಿಗೆ ಹಾಕೋಕೆ ಬರಲ್ಲ, ಫೋನ್‌ನಲ್ಲಿದೆ.